ಒಂದು ಖಾತೆ, ಮೂರು ಬಾಗಿಲು: ಶಿವಮೊಗ್ಗದ ಬಾಡಿಗೆ ಮನೆಗಳ ಬಗ್ಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಕರೆಂಟು ಮತ್ತು ಕುಡಿಯುವ ನೀರಿನ ಸರಬರಾಜು ನೋಡಿಕೊಳ್ಳುವ ಅಧಿಕಾರಿಗಳಿಗೆ, ಜೊತೆಗೆ ಈ ಊರಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಮತ್ತು ಹಿಡಿದವರಿಗೆ,

ನಮಸ್ಕಾರ.

ವಿನೋಬನಗರ, ಗೋಪಾಳ, ಶರಾವತಿ ನಗರ, ನವುಲೆ, ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದೇ ನಮೂನೆಯ ಮನೆ ಸಿಗುತ್ತದೆ. ಮೂವತ್ತು-ನಲವತ್ತರ ಸೈಟು, ಕೆಳಗೆ ಮಾಲೀಕರು, ಹೊರಗಿನ ಮೆಟ್ಟಿಲು ಹತ್ತಿದರೆ ಎರಡು ಬೆಡ್‌ರೂಮಿನ ಮನೆ, ಹಿತ್ತಲಲ್ಲಿ ಬಟ್ಟೆ ಒಗೆಯಲು ಬಿಟ್ಟ ಜಾಗ ಮುಚ್ಚಿ ಮಾಡಿದ ಒಂದು ರೂಮು, ಒಂದು ಅಡುಗೆಮನೆ. ಕಟ್ಟಿಸಿದವರು ಬಿಲ್ಡರುಗಳಲ್ಲ. ರಿಟೈರಾದ ಮೇಷ್ಟ್ರು, ಅಡಿಕೆಗೆ ರೇಟು ಬಂದ ವರ್ಷ ಪೇಟೆಯಲ್ಲೊಂದು ಮನೆ ಇರಲಿ ಎಂದು ಕೈಹಾಕಿದ ಹೊಸನಗರ, ತೀರ್ಥಹಳ್ಳಿ ಕಡೆಯವರು, ಮೇಲಿನ ಮನೆಯ ಬಾಡಿಗೆಯಲ್ಲೇ ತಿಂಗಳು ತೂಗಿಸುವ ಒಂಟಿ ಹೆಂಗಸರು. ಮೆಡಿಕಲ್ ಕಾಲೇಜಿನ ಹುಡುಗರು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ನೌಕರರು, ವರ್ಗವಾಗಿ ಬಂದ ಸರ್ಕಾರಿ ನೌಕರರು ಇರುವುದು ಇಂಥ ಮನೆಗಳಲ್ಲೇ.

ಈ ಕಟ್ಟಡಕ್ಕೆ ಬಾಗಿಲು ಮೂರು. ಖಾತೆ ಒಂದು, ನೀರಿನ ಸಂಪರ್ಕ ಒಂದು, ಎಷ್ಟೋ ಕಡೆ ಕರೆಂಟಿನ ಮೀಟರೂ ಒಂದೇ. ಮಾಲೀಕರಿಗೂ ಬಾಡಿಗೆದಾರರಿಗೂ ಮನಸ್ತಾಪ ಬಂದಾಗ ಜನ ಇವರು ಜಿಪುಣರು, ಅವರು ಜೋರು ಎಂದು ಮಾತಾಡಿಕೊಳ್ಳುತ್ತಾರೆ. ಇಂಥ ಒಂದೆರಡು ಮನೆ ಬಾಡಿಗೆಗೆ ಕೊಟ್ಟಿರುವ ನಮ್ಮ ಲೆಕ್ಕದಲ್ಲಿ ಜಗಳದ ಬೇರು ಬಹುಪಾಲು ಬೇರೆ ಕಡೆ ಇದೆ: ಮೂರು ಸಂಸಾರವನ್ನು ಕಾಗದದಲ್ಲಿ ಒಂದು ಸಂಸಾರ ಎಂದು ಎಣಿಸುವುದರಲ್ಲಿ.

ಕರೆಂಟನ್ನೇ ತೆಗೆದುಕೊಳ್ಳಿ. ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಗೆ ಬಂತು. ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದ ಮಿತಿಯೊಳಗೆ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಮೀಟರು 200 ದಾಟಿದರೆ ದಾಟಿದ ಯೂನಿಟ್ಟಿಗಷ್ಟೇ ದುಡ್ಡಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಈಗ ಒಂದೇ ಆರ್‌ಆರ್ ನಂಬರಿನಲ್ಲಿ (ಕರೆಂಟು ಬಿಲ್ಲಿನ ಸಂಪರ್ಕ ಸಂಖ್ಯೆ) ಕೆಳಗಿನ ಮನೆ 110 ಯೂನಿಟ್, ಮೇಲಿನ ಮನೆ 105 ಯೂನಿಟ್ ಉರಿಸಿದರೆ ಮೀಟರಿನಲ್ಲಿ 215. ಇಬ್ಬರೂ ಹಿತಮಿತವಾಗಿಯೇ ಬಳಸಿದ್ದಾರೆ. ಇಬ್ಬರಿಗೂ ಯೋಜನೆ ತಪ್ಪಿತು. ಮಾಲೀಕರು ಸಬ್ ಮೀಟರ್ ನೋಡಿ ಬಾಡಿಗೆದಾರರಿಂದ ಹಣ ಕೇಳುತ್ತಾರೆ. "ಊರಿಗೆಲ್ಲ ಫ್ರೀ, ನಮಗೇಕೆ ಬಿಲ್ಲು?" ಎಂದು ಬಾಡಿಗೆದಾರರು ಕೇಳುವುದೂ ನ್ಯಾಯವೇ. ಮಲೆನಾಡಿನಲ್ಲಿ ಈ ಗೆರೆ ಇನ್ನೂ ಬೇಗ ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಹೀಟರ್ ಇದ್ದೂ ಇಲ್ಲದಂತೆ. ಎರಡು ಕಿಲೋವಾಟ್ ಗೀಜರ್ ದಿನಕ್ಕೆ ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್, ತಿಂಗಳಿಗೆ 30. ನಾಲ್ಕು ಜನರ ಮನೆಯಲ್ಲಿ ಅರ್ಧ ಗಂಟೆಗೆ ಸ್ನಾನ ಮುಗಿಯುವುದಿಲ್ಲ.

ಮೀಟರ್ ಪ್ರತ್ಯೇಕವಿದ್ದರೂ ತೊಡಕು ತಪ್ಪಿದ್ದಲ್ಲ. ಬಾಡಿಗೆದಾರರು ಕರಾರು ಪತ್ರ ತೋರಿಸಿ ಗೃಹಜ್ಯೋತಿಗಾಗಿ ಆ ಮೀಟರಿಗೆ ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಮನೆ ಬಿಡುವಾಗ ಅದನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಬಿಡಿಸಿ ಹೋಗಬೇಕು. ಬಿಡಿಸದೆ ಬಳ್ಳಾರಿಗೋ ಬೀದರಿಗೋ ವರ್ಗವಾಗಿ ಹೋದರೆ ಹೊಸದಾಗಿ ಬಂದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಆದ್ದರಿಂದ ಮಾಲೀಕರಿಗೊಂದು ಕಿವಿಮಾತು: ಅಡ್ವಾನ್ಸ್ ವಾಪಸ್ ಕೊಡುವ ದಿನ ಬೀಗದ ಕೈ ಎಣಿಸುವಂತೆ ಆಧಾರ್ ಬಿಡಿಸಿದ ರಸೀದಿಯನ್ನೂ ಕೇಳಿ. ಅಧಿಕಾರಿಗಳಿಗೊಂದು ಕೋರಿಕೆ: ಮಾಲೀಕರು ಹೊಸ ಕರಾರು ಪತ್ರ ಹಾಜರುಪಡಿಸಿದರೆ ಹಳೆಯ ಜೋಡಣೆ ತಾನಾಗಿ ಕಳಚುವಂತೆ ಮಾಡಿ.

ಒಂದು ಮೀಟರನ್ನು ಎರಡು ಮಾಡಿಸುವವರು ಕಡೆಗಣಿಸುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಹಳೆಯ ವೈರಿಂಗ್‌ನಲ್ಲಿ ಎರಡೂ ಮನೆಯ ನ್ಯೂಟ್ರಲ್ ತಂತಿ ಒಂದೇ ಜಂಕ್ಷನ್ ಬಾಕ್ಸಿನಲ್ಲಿ ಸೇರಿರುತ್ತದೆ. ಫೇಸ್ ಮಾತ್ರ ಬೇರ್ಪಡಿಸಿ ನ್ಯೂಟ್ರಲ್ ಹಾಗೇ ಬಿಟ್ಟರೆ ಮೇಲಿನ ಮನೆಯ ಕರೆಂಟು ಕೆಳಗಿನ ಮನೆಯ ಮೀಟರಿನ ಮೂಲಕ ವಾಪಸಾಗುತ್ತದೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಮೀಟರಿನ ಲೆಕ್ಕವೂ ಕೆಡುತ್ತದೆ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಆಗ ಎಲೆಕ್ಟ್ರಿಷಿಯನ್ "ಇದೇ ಸರಿಯಿಲ್ಲ" ಎಂದು ಆರ್‌ಸಿಸಿಬಿಯನ್ನೇ ಕಿತ್ತು ಹಾಕುತ್ತಾನೆ. ಮಳೆಗಾಲದಲ್ಲಿ ಗೋಡೆಯೆಲ್ಲ ಒದ್ದೆಯಾಗುವ ಊರಿನಲ್ಲಿ ಜೀವ ಕಾಯುವ ಸಾಮಾನು ಅದು. ಪ್ರತಿ ಬಾಗಿಲಿಗೂ ಬೇರೆ ಫೇಸ್, ಬೇರೆ ನ್ಯೂಟ್ರಲ್, ಬೇರೆ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು). ಗೀಜರ್ ಪಾಯಿಂಟಿಗೆ ಕಡಿಮೆಯೆಂದರೂ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್. ಮೆಟ್ಟಿಲ ದೀಪ, ನೀರೆತ್ತುವ ಮೋಟರು ಮಾಲೀಕರ ಮೀಟರಿನಲ್ಲಿ. ಮೋಟರನ್ನು ಬಾಡಿಗೆದಾರರ ತಲೆಗೆ ಕಟ್ಟಬೇಡಿ.

ನೀರಿನ ಕಥೆಯೂ ಇದೇ. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು. ನಾಲ್ಕು ಜನರ ಸಂಸಾರಕ್ಕೆ 540 ಲೀಟರ್, ತಿಂಗಳಿಗೆ 16,200. ಮೂರು ಸಂಸಾರ ಒಂದೇ ಮೀಟರಿನಲ್ಲಿ ಕುಡಿದರೆ 48,600 ಲೀಟರ್. ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿಯಲ್ಲಿ ಈ ಮೂವರೂ ಈಜುಕೊಳ ಇಟ್ಟುಕೊಂಡವರ ಸಾಲಿಗೆ ಸೇರುತ್ತಾರೆ. ಮೂರು ಬೇರೆ ಸಂಪರ್ಕ ಕೊಡಿ ಎಂದು ನಾವು ಕೇಳುತ್ತಿಲ್ಲ. ರಸ್ತೆ ಮೂರು ಸಲ ಅಗೆಯುವುದು ಯಾರಿಗೂ ಬೇಡ. ಒಂದು ಸಂಪರ್ಕದ ಮೇಲೆ ಎಷ್ಟು ಅಡುಗೆಮನೆ ಇದೆಯೆಂದು ಬರೆದುಕೊಂಡು, ಒಟ್ಟು ಬಳಕೆಯನ್ನು ಅಷ್ಟರಿಂದ ಭಾಗಿಸಿ, ಆಮೇಲೆ ಸ್ಲ್ಯಾಬ್ ಹಾಕಿ. ಮೀಟರು ಓದುವವರ ಕೈಯಲ್ಲಿರುವ ಯಂತ್ರಕ್ಕೆ ಒಂದು ಭಾಗಾಕಾರ ದೊಡ್ಡದಲ್ಲ.

ಮನೆಯೊಳಗೆ ಮಾಡಬೇಕಾದ್ದು ನಮ್ಮ ಕೆಲಸ. ಪ್ರತಿ ಮನೆಗೂ ತಾರಸಿಯ ಮೇಲೆ 500 ಲೀಟರಿನ ಬೇರೆ ಟ್ಯಾಂಕ್ ಇಟ್ಟರೆ ಒಂದು ದಿನಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಯಾರ ನೀರು ಯಾರು ಖಾಲಿ ಮಾಡಿದರು ಎಂಬ ಮಾತಿರುವುದಿಲ್ಲ. ಟ್ಯಾಂಕಿನಿಂದ ಇಳಿಯುವ ಪೈಪಿಗೆಲ್ಲ ಒಂದೊಂದು ಗೇಟ್ ವಾಲ್ವ್ ಇರಲಿ. ಇಲ್ಲದಿದ್ದರೆ ಹಿತ್ತಲ ರೂಮಿನ ನಲ್ಲಿಗೆ ವಾಷರ್ ಹಾಕಲು ಮೂರೂ ಮನೆಯ ನೀರು ನಿಲ್ಲಿಸಬೇಕು. ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ ಮೊದಲು ಅನುಮಾನ ಪಡಬೇಕಾದ್ದು ಬಾಡಿಗೆದಾರರ ಮೇಲಲ್ಲ, ಫ್ಲಶ್ ಟ್ಯಾಂಕಿನ ಮೇಲೆ. ಟ್ಯಾಂಕಿಗೆ ಒಂದು ಚಮಚ ಅರಿಶಿನ ಕದಡಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನ ನೀರು ಹಳದಿಯಾದರೆ ಒಳಗಿನ ರಬ್ಬರು ಸವೆದಿದೆ ಎಂದರ್ಥ.

ಇನ್ನು ಮಳೆ. ಬಾಡಿಗೆ ಮನೆಯ ಲಾಭನಷ್ಟದ ಪುಸ್ತಕವನ್ನು ಈ ಭಾಗದಲ್ಲಿ ಬರೆಯುವುದು ಮಳೆಯೇ. ಶಾಲೆ ಮುಗಿದು, ವರ್ಗಾವಣೆ ಆದೇಶ ಬಂದು ಮನೆಗಳು ಖಾಲಿಯಾಗುವುದು ಮೇ ಕೊನೆಗೆ. ಜೂನ್ ಎರಡನೇ ವಾರಕ್ಕೆ ಮೃಗಶಿರಾ ಹಿಡಿಯುತ್ತದೆ. ಆರಿದ್ರಾ ಶುರುವಾದ ಮೇಲೆ ಹಚ್ಚಿದ ಬಣ್ಣ ಒಣಗುವುದಿಲ್ಲ. ಒಣಗಿದಂತೆ ಕಂಡರೂ ದೀಪಾವಳಿಯೊಳಗೆ ಹಪ್ಪಳದಂತೆ ಎದ್ದು ಬರುತ್ತದೆ. ರಿಪೇರಿಗೆ ಸಿಗುವುದು ಹತ್ತು ಹನ್ನೆರಡು ದಿನ, ಆ ದಿನಗಳಲ್ಲೇ ಊರಿನ ಪೇಂಟರುಗಳೆಲ್ಲ ಬಿಜಿ. ಹನ್ನೊಂದು ತಿಂಗಳ ಕರಾರನ್ನು ಜೂನ್‌ನಲ್ಲಿ ಶುರು ಮಾಡಿದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಮುಂದುವರಿಯುತ್ತೀರಾ ಎಂದು ಕೇಳುವ ಕೆಲಸ ಫೆಬ್ರವರಿಯಲ್ಲೇ ಆಗಿಬಿಡಬೇಕು.

600 ಚದರಡಿಯ ಮನೆಯಲ್ಲಿ ಗೋಡೆ, ಸೀಲಿಂಗ್ ಸೇರಿ ಸುಮಾರು 2,000 ಚದರಡಿ ಬಣ್ಣದ ಕೆಲಸವಿರುತ್ತದೆ. ಎರಡು ಸಲ (ಎರಡು ಕೋಟ್) ಬಳಿಯಲು ಲೀಟರ್ ಎಮಲ್ಷನ್ 60ರಿಂದ 70 ಚದರಡಿ ಬರುತ್ತದೆಂದು ಹಿಡಿದರೆ ಸುಮಾರು 30 ಲೀಟರ್ ಬೇಕು. ಬೂಷ್ಟು ಹಿಡಿದ ಗೋಡೆಯ ಮೇಲೆ ನೇರವಾಗಿ ಬಣ್ಣ ಬಳಿಯುವುದು ದುಡ್ಡು ಚೆಲ್ಲಿದಂತೆ. ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಉಜ್ಜಿ ತೊಳೆದು, ಬಿಸಿಲ ದಿನಗಳಲ್ಲಿ ಕಿಟಕಿ ತೆರೆದು ಒಣಗಿಸಿ, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಬೂಷ್ಟು ಬರುವುದು ಬಾಡಿಗೆದಾರರ ಸೋಮಾರಿತನದಿಂದಲ್ಲ. ಪಶ್ಚಿಮದ ಗೋಡೆಗೆ ಎರಚಲು ಹೊಡೆಯುತ್ತದೆ, ಬೀರುವನ್ನು ಗೋಡೆಗೆ ಅಂಟಿಸಿ ಇಟ್ಟಿರುತ್ತಾರೆ, ಒದ್ದೆ ಬಟ್ಟೆ ಒಳಗೇ ಒಣಗಬೇಕು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗಿಡಿ ಎಂದು ಮೊದಲ ದಿನವೇ ಹೇಳಿದರೆ, ಬಟ್ಟೆ ಒಣಗಿಸಲು ತಾರಸಿಯ ಶೀಟಿನ ಕೆಳಗೆ ಒಂದು ತಂತಿ ಕಟ್ಟಿಕೊಟ್ಟರೆ ಅಡ್ವಾನ್ಸ್ ವಾಪಸ್ ಕೊಡುವಾಗಿನ ಅರ್ಧ ಜಗಳ ನಿಲ್ಲುತ್ತದೆ. ಗೇಟಿಗೆ ಬೋರ್ಡು ತೂಗಿ ಜಾತಿ, ಊಟ ನೋಡಿ ಬಾಡಿಗೆದಾರರನ್ನು ಆರಿಸುವವರು, ಜನ ಸಿಗದೆ ಮಳೆಗಾಲವಿಡೀ ಬೀಗ ಬಿದ್ದ ಮನೆಯ ಬೂಷ್ಟು, ಉಬ್ಬಿದ ಬಾಗಿಲು, ಗೆದ್ದಲನ್ನೂ ಲೆಕ್ಕಕ್ಕೆ ಹಿಡಿಯಲಿ.

ತಾರಸಿ ಸೋರುವ ಜಾಗಗಳು ಮೂರು. ನೀರು ಹೊರಹೋಗುವ ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ಮತ್ತು ಮುಂದೆ ಇನ್ನೊಂದು ಮಹಡಿ ಎಬ್ಬಿಸೋಣ ಎಂದು ಪಿಲ್ಲರಿನ ಮೇಲೆ ಬಿಟ್ಟ ಕಂಬಿ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತ ಕಾಂಕ್ರೀಟು ಕೂದಲೆಳೆಯಷ್ಟು ಬಿರಿಯುತ್ತದೆ, ಕಂಬಿಯ ಗುಂಟ ಇಳಿದ ನೀರು ಎಲ್ಲೋ ದೂರದ ಬೆಡ್‌ರೂಮಿನ ಮೂಲೆಯಲ್ಲಿ ತೊಟ್ಟಿಕ್ಕುತ್ತದೆ. ಕಂಬಿಗೆ ಸಿಮೆಂಟ್ ಹಾಲು ಬಳಿದು, ಸಿಮೆಂಟ್ ಕಡಿಮೆ ಹಾಕಿದ ಕಾಂಕ್ರೀಟಿನ ಟೋಪಿ ಹಾಕಿ ಮುಚ್ಚಿಡಬೇಕು. ಪರೀಕ್ಷೆ ಬೇಸಿಗೆಯಲ್ಲೇ ಆಗಲಿ: ಪೈಪಿನ ಬಾಯಿಗೆ ಗೋಣಿ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ.

ಇದೆಲ್ಲ ಬೇಡವೆಂದು ಈಗ ತಾರಸಿಯ ಮೇಲೆ ಟ್ರಸ್ ನಿಲ್ಲಿಸಿ ಶೀಟು ಹೊದಿಸುವುದೇ ವಾಡಿಕೆಯಾಗಿದೆ. ನಮ್ಮ ಮಳೆಗೆ ಅದೇ ಸರಿಯಾದ ಮದ್ದು. ಸುತ್ತ ಎರಡು ಅಡಿ ಚಾಚು ಬಿಟ್ಟರೆ ಗೋಡೆಯೂ ಉಳಿಯುತ್ತದೆ. ಪಾಲಿಕೆಗೆ ನಮ್ಮ ಕೋರಿಕೆ: ನಾಲ್ಕೂ ಕಡೆ ತೆರೆದಿರುವ, ಗೋಡೆ ಕಟ್ಟದ ಮಳೆ ಹೊದಿಕೆಯನ್ನು ಮಹಡಿ ಎಂದು ಅಳೆಯಬೇಕೋ ಬೇಡವೋ ಎಂಬುದನ್ನು ಒಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು ವಾರ್ಡು ಕಚೇರಿಗಳಲ್ಲಿ ಅಂಟಿಸಿ. ಬೇಡ ಎಂಬುದು ನಮ್ಮ ಅಭಿಪ್ರಾಯ.

ಒಳಚರಂಡಿಯ (ಯುಜಿಡಿ) ವಿಷಯದಲ್ಲಿ ತಪ್ಪು ನಮ್ಮವರದ್ದೇ ಹೆಚ್ಚು. ತಾರಸಿಯ ಮಳೆನೀರನ್ನು ಯುಜಿಡಿ ಚೇಂಬರಿಗೆ ಸೇರಿಸಿದ ಮನೆಗಳು ಬೀದಿಗೆ ನಾಲ್ಕಾರು ಸಿಗುತ್ತವೆ. ಜಡಿಮಳೆ ಬಿದ್ದಾಗ ಪೈಪು ತುಂಬಿ, ತಗ್ಗಿನಲ್ಲಿರುವ ಮನೆಯ ಬಚ್ಚಲಿನಿಂದ ಹಿಂದಕ್ಕೆ ಉಕ್ಕುತ್ತದೆ. ಅಲ್ಲಿರುವುದು ಸಾಮಾನ್ಯವಾಗಿ ಕಡಿಮೆ ಬಾಡಿಗೆಯ ಸಂಸಾರ. 2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೆ ನುಗ್ಗಿದಾಗ ಹೊಳೆಬದಿಯ ಬಡಾವಣೆಗಳಲ್ಲಿ ಮೊದಲು ಮುಳುಗಿದ್ದೂ ಅಂಥ ಕೋಣೆಗಳೇ. ಮಳೆನೀರಿನ ಪೈಪನ್ನು ರಸ್ತೆ ಚರಂಡಿಗೆ ತಿರುಗಿಸಿ, ಕೊನೆಯ ಚೇಂಬರಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕೂರಿಸಿ. ಯುಜಿಡಿ ಇಲ್ಲದ ಹೊರವಲಯದ ಬಡಾವಣೆಯಲ್ಲಿ ಶೌಚಗುಂಡಿ ಖಾಲಿ ಮಾಡಿಸಬೇಕಾದ್ದು ಏಪ್ರಿಲ್‌ನಲ್ಲಿ. ಜುಲೈನಲ್ಲಿ ಯಂತ್ರ ತರಿಸಿದರೆ ಇಂದು ಎಳೆದ ಗುಂಡಿಗೆ ಒರತೆ ನೀರು ಬಂದು ವಾರದೊಳಗೆ ತುಂಬುತ್ತದೆ, ಸುತ್ತಲಿನ ನೀರಿನ ಒತ್ತಡಕ್ಕೆ ಗುಂಡಿಯ ಇಟ್ಟಿಗೆ ಗೋಡೆ ಕುಸಿಯುವುದೂ ಉಂಟು. ಯಂತ್ರ ಸಿಗಲಿಲ್ಲವೆಂದು ಮನುಷ್ಯರನ್ನು ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾವಿಗೂ ಇಂಗುಗುಂಡಿಗೂ ಕಡಿಮೆಯೆಂದರೂ 18 ಮೀಟರ್ ಅಂತರ ಬೇಕು.

ಗ್ಯಾಸ್ ಗೀಜರ್ ಬಗ್ಗೆ ಎರಡೇ ಮಾತು. ಬಚ್ಚಲೊಲೆ ಹೋದ ಜಾಗಕ್ಕೆ ಅದು ಬಂದಿದೆ. ಚಳಿಯೆಂದು ವೆಂಟಿಲೇಟರಿಗೆ ರಟ್ಟು ಮುಚ್ಚಿ ಸ್ನಾನ ಮಾಡಿದರೆ ಉರಿಗೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ತಿರುಗುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಗೀಜರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ ಕೂರಿಸಿ ನೀರು ಮಾತ್ರ ಒಳಗೆ ತನ್ನಿ. ಕರಾರಿನಲ್ಲಿ ಇದೊಂದು ಷರತ್ತು ಇರಲೇಬೇಕು.

ಕರಾರಿನ ಮಾತು ಬಂತು. ಹನ್ನೊಂದು ತಿಂಗಳು ಏಕೆಂದರೆ, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರುವ ಅವಧಿಯ ಗುತ್ತಿಗೆ ನೋಂದಣಿ ಆಗಲೇಬೇಕು. ಹನ್ನೊಂದು ಮೀರಿದರೆ ಮನೆ ಅವರದ್ದಾಗಿಬಿಡುತ್ತದೆ ಎಂಬ ಹೆದರಿಕೆ ಹುಸಿ. ಬಾಡಿಗೆದಾರರಾಗಿ ಬಂದವರು ಬಾಡಿಗೆ ನಡೆಯುತ್ತಿರುವಾಗ ಮಾಲೀಕರ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಪ್ರದೇಶ ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲವೆಂದು ಅದರಲ್ಲೇ ಇದೆ. ಆ ಮೊತ್ತಕ್ಕೆ ಈಗ ಎರಡು ಬೆಡ್‌ರೂಮ್ ಬಿಡಿ, ಒಂದು ಒಳ್ಳೆಯ ರೂಮೂ ಸಿಗದು. ಹಾಗಾಗಿ ನಮ್ಮ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಷರತ್ತು ಬರೆದುಕೊಳ್ಳದಿದ್ದರೆ ತಿಂಗಳ ಬಾಡಿಗೆಗೆ 15 ದಿನಗಳ ಲಿಖಿತ ನೋಟಿಸ್. ಆಮೇಲೂ ಬಿಡದಿದ್ದರೆ ಸಿವಿಲ್ ದಾವೆ. ನೀರು, ಕರೆಂಟು ಕತ್ತರಿಸಿ, ಸಾಮಾನು ಹೊರಗೆಸೆದು ಬಲವಂತವಾಗಿ ಮನೆ ಬಿಡಿಸಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು; ಆಗ ಬಾಕಿ ಬಾಡಿಗೆಯ ಕಥೆ ಯಾರೂ ಕೇಳುವುದಿಲ್ಲ.

ದೊಡ್ಡ ಅಡ್ವಾನ್ಸ್ ಕೇಳುವುದು ದುರಾಸೆಯಿಂದ ಎನ್ನುತ್ತಾರೆ. ಬಹುಮಟ್ಟಿಗೆ ಅದು ಕೋರ್ಟಿನ ಹೆದರಿಕೆ. ಕೇಂದ್ರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಜಗಳ ಬೇಗ ತೀರಿಸುವ ಬಾಡಿಗೆ ಪ್ರಾಧಿಕಾರವೊಂದು ಜಿಲ್ಲೆಯಲ್ಲೇ ಇದ್ದರೆ ಎರಡು ತಿಂಗಳಿಗೆ ನಾವೂ ಒಪ್ಪುತ್ತೇವೆ.

ಭೋಗ್ಯದ ಮನೆಗಳ ಸ್ಥಿತಿ ಇನ್ನೂ ನಾಜೂಕು. ಮೂರು ವರ್ಷಕ್ಕೆಂದು ಲಕ್ಷಗಟ್ಟಲೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಈ ಪದ್ಧತಿಗೆ ನೋಂದಣಿ ಬೇಕೇ ಬೇಕು. ಆದರೆ ಮುದ್ರಾಂಕ ಶುಲ್ಕ ಉಳಿಸಲು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಮುಗಿಸುತ್ತಾರೆ. ಮಾಲೀಕರು ಆ ಹಣವನ್ನು ಮನೆ ಸಾಲಕ್ಕೆ ಕಟ್ಟಿಬಿಡುತ್ತಾರೆ. ಅವಧಿ ಮುಗಿದಾಗ ಕೊಡಲು ಕೈಯಲ್ಲಿಲ್ಲ. ಮುಂದಿನ ಭೋಗ್ಯದವರು ಬಂದು ದುಡ್ಡು ಕೊಟ್ಟರೆ ಹಿಂದಿನವರಿಗೆ ವಾಪಸ್. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಸಂಸಾರವೊಂದು ಸಾಮಾನು ಕಟ್ಟಿಕೊಂಡು ಕೂತಿರುತ್ತದೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಹಕ್ಕು ಮೊದಲು. ಹಣ ಕೊಡುವ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ತೆಗೆಸಿ. ಮೂಲ ಕಾಗದ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಣ್ಣ ಮೊತ್ತದ ಭೋಗ್ಯಕ್ಕೆ ಕಡಿಮೆ ಶುಲ್ಕದಲ್ಲಿ ನೋಂದಣಿಗೆ ಅವಕಾಶವಾದರೆ ಜನ ತಾವೇ ಕಚೇರಿಗೆ ಬರುತ್ತಾರೆ.

ತೆರಿಗೆಯ ಲೆಕ್ಕ ಚಿಕ್ಕದು. ಎಂಟು ಸಾವಿರ ಬಾಡಿಗೆಯ ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಇದ್ದರೆ ಕೈಗೆ ಬಂದದ್ದು 88,000. ಕಂದಾಯ 4,000 ಕಟ್ಟಿದಿರಿ ಎಂದಿಟ್ಟುಕೊಂಡರೆ ಉಳಿದದ್ದು 84,000. ಅದರಲ್ಲಿ ಶೇಕಡಾ 30, ಅಂದರೆ 25,200 ರಿಪೇರಿಗೆಂದು ಆದಾಯ ತೆರಿಗೆಯವರು ಬಿಡುತ್ತಾರೆ. ಸಾಲದ ಬಡ್ಡಿ ಇಲ್ಲದಿದ್ದರೆ ಆದಾಯ 58,800. ಕಂದಾಯ ಕಟ್ಟಿದ ವರ್ಷಕ್ಕೇ ಅದು ಕಳೆಯುತ್ತದೆ, ಬಾಕಿ ಉಳಿಸಿದರೆ ಇಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಪಾಲಿಕೆಯ ಶೇಕಡಾ 5 ರಿಯಾಯಿತಿಯೂ ಇದೆ. ಇಷ್ಟಕ್ಕೆ ಹೆದರಿ ಬಾಡಿಗೆದಾರರಿಗೆ ಕರಾರೇ ಬರೆದುಕೊಡದ ಮಾಲೀಕರಿದ್ದಾರೆ. ಅವರಿಂದಾಗಿ ಬಾಡಿಗೆದಾರರಿಗೆ ಗೃಹಜ್ಯೋತಿ ಇಲ್ಲ, ವಿಳಾಸದ ದಾಖಲೆ ಇಲ್ಲ. ಮುಂದೆ ಬಾಡಿಗೆ ಬಾಕಿಯಾದಾಗ ಕೋರ್ಟಿಗೆ ತೋರಿಸಲು ಮಾಲೀಕರ ಬಳಿಯೂ ಏನೂ ಇರುವುದಿಲ್ಲ.

ಆಯುಕ್ತರೇ, ನಾವು ಕೇಳುವುದು ದಾಖಲೆಯಲ್ಲಿ ಒಂದು ಕಾಲಂ. ಇ-ಆಸ್ತಿ ದಾಖಲೆಯಲ್ಲಿ ಕಟ್ಟಡದ ಚದರಡಿಯ ಜೊತೆ ಅಡುಗೆಮನೆ ಎಷ್ಟು ಎಂದು ನಮೂದಿಸಿ, ಪ್ರತಿ ಬಾಗಿಲಿಗೂ 1, 2, 3 ಎಂದು ಉಪಸಂಖ್ಯೆ ಕೊಡಿ. ಅದೇ ಸಂಖ್ಯೆಯನ್ನು ಕರೆಂಟಿನವರೂ ನೀರಿನವರೂ ಒಪ್ಪಲಿ. ಕರಾರಿನಲ್ಲೂ ಅದೇ ಸಂಖ್ಯೆ ಬರೆಯುತ್ತೇವೆ. ಉಪಸಂಖ್ಯೆ ಕೊಟ್ಟ ಕಾರಣಕ್ಕೇ ಕಂದಾಯ ಏರುವುದಿಲ್ಲವೆಂಬ ಮಾತು ಆದೇಶದಲ್ಲಿ ಇರಬೇಕು. ಇಲ್ಲದಿದ್ದರೆ ಸರ್ವೆಯವರು ಬಂದ ದಿನ ಹಿತ್ತಲ ರೂಮಿಗೆ ಬೀಗ ಬೀಳುತ್ತದೆ. ಸರ್ವೆ ಜನವರಿ, ಫೆಬ್ರವರಿಯಲ್ಲಿ ಮುಗಿದರೆ ಮೇ ಕೊನೆಗೆ ಮನೆ ಬದಲಿಸುವವರ ಹೊಸ ಕರಾರಿಗೆ ಸಂಖ್ಯೆ ಸಿಕ್ಕಿರುತ್ತದೆ.

ಇಂತಿ,
ಒಂದೆರಡು ಮನೆ ಬಾಡಿಗೆಗೆ ಕೊಟ್ಟಿರುವ ಕೆಲವರು
ಶಿವಮೊಗ್ಗ